ಮಹಾಪಕ್ಷಿಯನ್ನು ಗೆಲ್ಲುವ ಲೆಕ್ಕ

ರಾಮಾಯಣದ ಅರಣ್ಯಕಾಂಡದಲ್ಲಿ ಜಟಾಯುವಿಗೂ ರಾವಣನಿಗೂ ನಡೆದ ಕಾಳಗವನ್ನು ಅರಿಯದ ಕನ್ನಡಿಗರು ವಿರಳ. ಹೊನ್ನಾವರ ತಾಲ್ಲೂಕಿನ ಇಡಗುಂಜಿಯ ಸುತ್ತಮುತ್ತಲ ಜನರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವೇ ಇಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934 ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳವನ್ನು ಕಟ್ಟಿದ ಈ ನೆಲದಲ್ಲಿ ಪುರಾಣದ ಯುದ್ಧಗಳೆಲ್ಲ ಚೆಂಡೆಯ ಪೆಟ್ಟಿನೊಡನೆ ರಂಗಸ್ಥಳಕ್ಕೆ ಬಂದಿವೆ. ಪಾರ್ತಿಸುಬ್ಬನ ‘ಪಂಚವಟಿ’ ಅಲ್ಲಿ ಬಹಳ ಕಾಲದಿಂದ ಪ್ರಸಿದ್ಧವಾದ ಪ್ರಸಂಗ.

ಅದೇ ಮಹಾಪಕ್ಷಿಯು ಇಂದು ಇನ್ನೊಂದು ರಂಗಸ್ಥಳದಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಅದು ವಿಡಿಯೋ ಆಟದ ತೆರೆ. 1980 ರಲ್ಲಿ ಬಂದ ‘ಫೀನಿಕ್ಸ್’ ಎಂಬ ಆಟದಲ್ಲಿ ಆಟಗಾರನು ದೊಡ್ಡ ಹಕ್ಕಿಗಳೊಡನೆ ಸೆಣಸಬೇಕಾಗಿತ್ತು. 2023 ರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆ ಹೊರತಂದ ‘ಫೈನಲ್ ಫ್ಯಾಂಟಸಿ 16’ ರಲ್ಲಿ ನಮ್ಮ ಗರುಡನ ಹೆಸರನ್ನೇ ಹೊತ್ತ, ಗಾಳಿಯನ್ನು ಆಳುವ ಒಂದು ರೆಕ್ಕೆಯ ಶಕ್ತಿಯು ಎದುರಾಗುವುದು. ಆಟಗಾರನೇ ಒಂದು ಪಾತ್ರವಾಗಿ, ಆಯುಧವನ್ನೂ ಬಲವನ್ನೂ ಮೆಲ್ಲಮೆಲ್ಲನೆ ಗಳಿಸುತ್ತ, ತನ್ನ ಕೈಚಳಕದಿಂದಲೇ ಹೋರಾಡಬೇಕಾದ ಇಂತಹ ಆಟಗಳಲ್ಲಿ, ಕಥೆಯ ತುದಿಯಲ್ಲಿ ಕಾದು ನಿಂತಿರುವ ಪ್ರಬಲ ಶತ್ರುವನ್ನು ಆಟಗಾರರು ‘ಕೊನೆಯ ಬಾಸ್’ ಎಂದು ಕರೆಯುತ್ತಾರೆ.

ಈ ಬಾಸ್ ಮಹಾಪಕ್ಷಿಯಾಗಿದ್ದರೆ ಅದನ್ನು ಗೆಲ್ಲುವುದು ಹೇಗೆ? ಪ್ರಶ್ನೆಯು ವಿನೋದದ್ದೆಂದು ತೋರಬಹುದು. ಆದರೆ ಇಪ್ಪತ್ತು ಸಲ ಸೋತ ವಿದ್ಯಾರ್ಥಿಯು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾನೆ: ‘ನನಗೆ ಕೈ ಚುರುಕಿಲ್ಲ’ ಎಂದು, ಇಲ್ಲವೆ ‘ಆಟವೇ ಮೋಸದ್ದು’ ಎಂದು. ಗಣಿತದ ಪರೀಕ್ಷೆಯಲ್ಲಿ ಎರಡು ಸಲ ಎಡವಿದವನು ಬರುವ ತೀರ್ಮಾನಗಳೂ ಇವೇ. ಎರಡೂ ಬಹುಮಟ್ಟಿಗೆ ತಪ್ಪೆಂಬುದನ್ನು ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ಶರೀರಶಾಸ್ತ್ರ, ಸ್ವಲ್ಪ ಸಂಭವನೀಯತೆಯ ಗಣಿತ ಇವುಗಳಿಂದ ತೋರಿಸಬಹುದು.

ದೊಡ್ಡ ಹಕ್ಕಿಯ ಕಷ್ಟಗಳು

ಶತ್ರುವನ್ನು ಗೆಲ್ಲುವ ಮೊದಲು ಶತ್ರುವನ್ನು ಅರಿಯಬೇಕು. ಶರಾವತಿಯು ಕಡಲನ್ನು ಸೇರುವೆಡೆಯಲ್ಲಿ ತೇಲಾಡುವ, ಬಿಳಿಯ ತಲೆ ಮತ್ತು ಕೆಂಗಂದು ಮೈಯ ಹದ್ದನ್ನು ನಮ್ಮ ಜನ ಗರುಡನೆಂದೇ ಕರೆಯುತ್ತಾರೆ. ಅದರ ರೆಕ್ಕೆಗಳ ಹರವು ಸುಮಾರು 1.2 ಮೀಟರು, ತೂಕ ಸುಮಾರು ಅರ್ಧ ಕಿಲೋಗ್ರಾಂ. ಈ ಹಕ್ಕಿಯನ್ನು ಉದ್ದ, ಅಗಲ, ದಪ್ಪ ಮೂರರಲ್ಲಿಯೂ ಹತ್ತು ಪಟ್ಟು ಹಿಗ್ಗಿಸಿದೆವೆಂದು ಭಾವಿಸೋಣ. ರೆಕ್ಕೆಯ ಹರವು 12 ಮೀಟರಾಗುವುದು. ರೆಕ್ಕೆಯ ವಿಸ್ತೀರ್ಣವು ಹತ್ತರ ವರ್ಗದಷ್ಟು, ಎಂದರೆ 100 ಪಟ್ಟಾಗುವುದು. ಆದರೆ ತೂಕವು ಹತ್ತರ ಘನದಷ್ಟು, ಎಂದರೆ 1000 ಪಟ್ಟಾಗಿ 500 ಕಿಲೋಗ್ರಾಂಗೆ ಏರುವುದು. ಹೀಗೆ ರೆಕ್ಕೆಯ ಪ್ರತಿಯೊಂದು ಚದರ ಮೀಟರು ಮೊದಲಿಗಿಂತ ಹತ್ತು ಪಟ್ಟು ಭಾರವನ್ನು ಹೊರಬೇಕಾಗುತ್ತದೆ.

ಇದರಿಂದ ಮೂರು ಪರಿಣಾಮಗಳುಂಟು. ಮೊದಲನೆಯದು ವೇಗದ್ದು. ರೆಕ್ಕೆಯು ಕೊಡುವ ಎತ್ತುವ ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ, ಹತ್ತು ಪಟ್ಟು ಭಾರವನ್ನು ಹೊರಲು ವೇಗವು 3.16 ಪಟ್ಟಾಗಬೇಕು. ಚಿಕ್ಕ ಹಕ್ಕಿಗೆ ಸೆಕೆಂಡಿಗೆ 7 ಮೀಟರು ಸಾಕಾದರೆ ಮಹಾಪಕ್ಷಿಗೆ ಸುಮಾರು 22 ಮೀಟರು, ಎಂದರೆ ಗಂಟೆಗೆ 80 ಕಿಲೋಮೀಟರು ಬೇಕು.

ಎರಡನೆಯದು ತಿರುವಿನದು. ವೇಗದ ವರ್ಗಕ್ಕೆ ಅನುಗುಣವಾಗಿ ತಿರುವಿನ ತ್ರಿಜ್ಯವೂ ಹೆಚ್ಚುತ್ತದೆ. ಮೈಯನ್ನು 45 ಡಿಗ್ರಿ ವಾಲಿಸಿ ತಿರುಗಿದರೆ ಚಿಕ್ಕ ಹಕ್ಕಿಯು 5 ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗಬಲ್ಲುದು. ಮಹಾಪಕ್ಷಿಗೆ ಸುಮಾರು 50 ಮೀಟರು ಬೇಕು. ಆದುದರಿಂದ ಎರಗಿ ಬಂದ ಮಹಾಪಕ್ಷಿಯ ಗುರಿ ಒಮ್ಮೆ ತಪ್ಪಿತೆಂದರೆ, ಅದು ಥಟ್ಟನೆ ಹಿಂತಿರುಗಿ ಹೊಡೆಯಲಾರದು.

ಮೂರನೆಯದು ಶಕ್ತಿಯದು. ಒಂದೆಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲಬೇಕಾದರೆ ಹಕ್ಕಿಯು ತನ್ನ ತೂಕಕ್ಕೆ ತಕ್ಕಷ್ಟು ಗಾಳಿಯನ್ನು ಕೆಳಕ್ಕೆ ದಬ್ಬುತ್ತಿರಬೇಕು. 12 ಮೀಟರು ವ್ಯಾಸದ ವೃತ್ತದ ಮೂಲಕ ಗಾಳಿಯನ್ನು ಇಳಿಸಿ 500 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯಲು ಲೆಕ್ಕದ ಪ್ರಕಾರ ಕನಿಷ್ಠ 21 ಕಿಲೋವಾಟ್ ಬೇಕಾಗುತ್ತದೆ. ಮೈತೂಕದ ಐದರಲ್ಲೊಂದು ಪಾಲು, ಎಂದರೆ 100 ಕಿಲೋಗ್ರಾಂ, ಹಾರಾಟದ ಸ್ನಾಯುವೆಂದು ಇಟ್ಟುಕೊಳ್ಳೋಣ. ಪ್ರತಿ ಕಿಲೋಗ್ರಾಂ ಸ್ನಾಯುವು ಬಹಳ ಹೊತ್ತು 100 ವಾಟ್ ಕೊಡಬಲ್ಲುದೆಂದರೂ ದೊರೆಯುವುದು 10 ಕಿಲೋವಾಟ್ ಮಾತ್ರ. ಬೇಕಾದುದರ ಅರ್ಧವೂ ಅಲ್ಲ! ಆದುದರಿಂದ ಇಂತಹ ಹಕ್ಕಿಯು ಗಾಳಿಯಲ್ಲಿ ನಿಂತರೂ ಕೆಲವೇ ಕ್ಷಣ. ಬಳಿಕ ನೆಲಕ್ಕೆ ಇಳಿಯಲೇಬೇಕು.

ನಿಸರ್ಗವೂ ಈ ಲೆಕ್ಕವನ್ನು ಮೀರಿಲ್ಲ. ಇಂದು ಬದುಕಿರುವ ಹಕ್ಕಿಗಳಲ್ಲಿ ಅತಿ ವಿಶಾಲವಾದ ರೆಕ್ಕೆಯುಳ್ಳ ಆಲ್ಬಟ್ರಾಸ್‌ನ ಹರವು ಸುಮಾರು 3.5 ಮೀಟರು. ಅದು ಗಾಳಿಗೆ ಎದುರಾಗಿ ಓಡಿದ ಮೇಲೆಯೇ ಮೇಲೇರುವುದು. ಅಳಿದುಹೋದ ಹಾರುವ ಹಕ್ಕಿಗಳಲ್ಲಿ ಅತಿ ದೊಡ್ಡವಾದ ಆರ್ಜೆಂಟಾವಿಸ್, ಪೆಲಗಾರ್ನಿಸ್ ಇವುಗಳ ಹರವು 6 ರಿಂದ 7 ಮೀಟರಿನಷ್ಟಿದ್ದಿತು. ಅವು ಬಹುಪಾಲು ರೆಕ್ಕೆ ಬಡಿಯದೆ, ಬೀಸುಗಾಳಿಯನ್ನೂ ಏರುಗಾಳಿಯನ್ನೂ ನೆಚ್ಚಿ ತೇಲುತ್ತಿದ್ದುವು.

ಆಟದ ಹಕ್ಕಿಗೆ ಭೌತಶಾಸ್ತ್ರದ ಕಟ್ಟಿಲ್ಲವಲ್ಲ ಎಂದು ಓದುಗರು ಕೇಳಬಹುದು. ನಿಜ. ಅದು ಬರಿಯ ಸಂಖ್ಯೆಗಳ ರಾಶಿ. ಆದರೆ ನೋಡುವವನ ಕಣ್ಣಿಗೆ ಆ ಕಟ್ಟುಂಟು. 2 ಮೀಟರು ಎತ್ತರದಿಂದ ಬಿದ್ದ ಕಾಯಿ 0.64 ಸೆಕೆಂಡಿನಲ್ಲಿ ನೆಲ ಮುಟ್ಟಿದರೆ, 20 ಮೀಟರು ಎತ್ತರದ ತೆಂಗಿನ ಮರದಿಂದ ಬಿದ್ದ ಕಾಯಿಗೆ 2.02 ಸೆಕೆಂಡು ಹಿಡಿಯುವುದು. ಅಳತೆ ಹತ್ತು ಪಟ್ಟಾದರೆ ಕಾಲ 3.16 ಪಟ್ಟಾಗುವುದು. ಹುಟ್ಟಿದಂದಿನಿಂದ ಇಂತಹ ಚಲನೆಗಳನ್ನು ಕಂಡು ಪಳಗಿದ ನಮ್ಮ ಕಣ್ಣು, ಸರಸರನೆ ಆಡುವ ವಸ್ತುವನ್ನು ಚಿಕ್ಕದೆಂದೂ, ಗಂಭೀರವಾಗಿ ಆಡುವುದನ್ನು ದೊಡ್ಡದೆಂದೂ ನಂಬುತ್ತದೆ. ಮಹಾಪಕ್ಷಿಯು ಗುಬ್ಬಚ್ಚಿಯಂತೆ ರೆಕ್ಕೆ ಬಡಿದರೆ ಯಾರಿಗೂ ಭಯವಾಗದು. ಆದುದರಿಂದ ಚಿತ್ರಕಾರನು ಅದರ ಚಲನೆಯನ್ನು ನಿಧಾನಗೊಳಿಸಬೇಕಾಗುತ್ತದೆ. ಚಿಕ್ಕ ಹಕ್ಕಿಯ ಒಂದು ಬೀಸಿಗೆ ಕಾಲು ಸೆಕೆಂಡು ಸಾಕಾದರೆ ಮಹಾಪಕ್ಷಿಯ ಬೀಸಿಗೆ ಸುಮಾರು 0.8 ಸೆಕೆಂಡು. ಗೆಲುವಿನ ಬಾಗಿಲು ಈ 0.8 ಸೆಕೆಂಡಿನಲ್ಲಿಯೇ ಇದೆ.

ಕಣ್ಣು, ಕಿವಿ ಮತ್ತು ಕೈ

ಚಲನಚಿತ್ರಗಳಿಗೆ ಚಿತ್ರ ಬರೆಯುವವರಲ್ಲಿ ಒಂದು ಹಳೆಯ ನಿಯಮವುಂಟು: ಯಾವುದೇ ದೊಡ್ಡ ಚಲನೆಗೆ ಮೊದಲು ಅದರ ಸೂಚನೆಯು ಕಾಣಬೇಕು. ಜಿಗಿಯುವವನು ಮೊದಲು ಕುಗ್ಗುತ್ತಾನೆ. ಹೊಡೆಯುವವನು ಮೊದಲು ಕೈಯನ್ನು ಹಿಂದಕ್ಕೆ ಎಳೆಯುತ್ತಾನೆ. ಡಿಸ್ನಿ ಸಂಸ್ಥೆಯ ಚಿತ್ರಕಾರರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಅವರು 1981 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿರುವ ಹನ್ನೆರಡು ತತ್ವಗಳಲ್ಲಿ ಇದೂ ಒಂದು. ಆಟದ ಮಹಾಪಕ್ಷಿಯೂ ರೆಕ್ಕೆಯನ್ನೆತ್ತಿದ ಬಳಿಕವೇ ಅಪ್ಪಳಿಸುವುದು; ಕೊರಳನ್ನು ಹಿಂದೆಳೆದ ಬಳಿಕವೇ ಕುಕ್ಕುವುದು.

ಮನುಷ್ಯನು ಒಂದು ಬೆಳಕನ್ನು ಕಂಡು ಗುಂಡಿಯನ್ನು ಒತ್ತಲು ಸುಮಾರು ಕಾಲು ಸೆಕೆಂಡು ಬೇಕು. ಶಬ್ದಕ್ಕೆ ನಾವು ಇದಕ್ಕಿಂತಲೂ ತುಸು ಬೇಗನೆ ಸ್ಪಂದಿಸುತ್ತೇವೆ. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು, ಎಂದರೆ 60 ಫ್ರೇಮ್‌ಗಳು ಮೂಡುವುವಾದರೆ, ಕಾಲು ಸೆಕೆಂಡೆಂದರೆ 15 ಫ್ರೇಮ್‌ಗಳು; 0.8 ಸೆಕೆಂಡೆಂದರೆ 48 ಫ್ರೇಮ್‌ಗಳು. ಬೇಕಾದುದಕ್ಕಿಂತ ಮೂರು ಪಟ್ಟು ಕಾಲ ನಮ್ಮ ಕೈಯಲ್ಲಿದೆ. ಹಾಗಾದರೆ ಸೋಲುವುದೇಕೆ?

ಉತ್ತರವು ಅಚ್ಚರಿಯದು. ಆಟಗಾರನು ಸೋಲುವುದು ಅನೇಕ ವೇಳೆ ನಿಧಾನದಿಂದಲ್ಲ, ಆತುರದಿಂದ. ಇಂತಹ ಆಟಗಳಲ್ಲಿ ಪಕ್ಕಕ್ಕೆ ಉರುಳಿ ಪೆಟ್ಟನ್ನು ತಪ್ಪಿಸಿಕೊಳ್ಳುವ ಗುಂಡಿಯೊಂದಿರುತ್ತದೆ. ಉರುಳುವಾಗ ಅತ್ಯಲ್ಪ ಕಾಲ ಮಾತ್ರ, 12 ಫ್ರೇಮ್ ಅಥವಾ 0.2 ಸೆಕೆಂಡೆಂದು ಇಟ್ಟುಕೊಳ್ಳೋಣ, ಯಾವ ಪೆಟ್ಟೂ ತಾಗದು. ರೆಕ್ಕೆ ಎದ್ದುದನ್ನು ಕಂಡೊಡನೆ ಬೆದರಿ ಕಾಲು ಸೆಕೆಂಡಿಗೇ ಗುಂಡಿ ಒತ್ತಿದವನ ರಕ್ಷಣೆಯು 0.45 ಸೆಕೆಂಡಿಗೆ ಮುಗಿದುಹೋಗುವುದು. ಪೆಟ್ಟು ಬೀಳುವುದು 0.8 ಕ್ಕೆ! ಅವನು ಕಂಡ ಮೇಲೆಯೂ ಇನ್ನೂ ಸುಮಾರು 0.4 ಸೆಕೆಂಡು ತಾಳಬೇಕಾಗಿತ್ತು. ಯಕ್ಷಗಾನದಲ್ಲಿ ಕುಣಿತವನ್ನು ಕಲಿಯುವ ಬಾಲಕನೂ ಮೊದಲು ಇದೇ ತಪ್ಪನ್ನು ಮಾಡುವುದುಂಟು: ಚೆಂಡೆಯ ಪೆಟ್ಟನ್ನು ಕೇಳಿ ಹೆಜ್ಜೆಯಿಡಲು ಹೋಗುತ್ತಾನೆ. ಪಳಗಿದ ವೇಷಧಾರಿಯಾದರೋ ತಾಳವನ್ನು ಒಳಗೆ ಎಣಿಸುತ್ತಿರುವುದರಿಂದ ಅವನ ಹೆಜ್ಜೆಯೂ ಪೆಟ್ಟೂ ಒಮ್ಮೆಗೇ ಬೀಳುವುವು. ಮಹಾಪಕ್ಷಿಯ ಮುಂದೆಯೂ ಬೇಕಾದುದು ಚುರುಕಲ್ಲ, ತಾಳ.

ಪಕ್ಷಿಯ ‘ಮನಸ್ಸು’

ಇನ್ನು ಈ ಪಕ್ಷಿಯು ಯಾವಾಗ ಏನು ಮಾಡುವುದೆಂಬುದನ್ನು ಹೇಗೆ ತಿಳಿಯುವುದು? ಬಹುಪಾಲು ಆಟಗಳಲ್ಲಿ ಶತ್ರುವಿನ ನಡವಳಿಕೆಯನ್ನು ‘ಅವಸ್ಥಾಯಂತ್ರ’ ಎಂಬ ಗಣಿತದ ಉಪಾಯದಿಂದ ಕಟ್ಟಿರುತ್ತಾರೆ. ಪಕ್ಷಿಯು ಯಾವುದೇ ಕ್ಷಣದಲ್ಲಿ ಎಣಿಸಬಹುದಾದ ಕೆಲವು ಅವಸ್ಥೆಗಳಲ್ಲಿ ಒಂದರಲ್ಲಿ ಇರುವುದು: ಸುತ್ತುವುದು, ಎರಗುವುದು, ಕುಕ್ಕುವುದು, ರೆಕ್ಕೆಯಿಂದ ಅಪ್ಪಳಿಸುವುದು, ಗರಿಗಳನ್ನು ಬಾಣದಂತೆ ಎಸೆಯುವುದು, ದಣಿದು ನಿಲ್ಲುವುದು. ಒಂದರಿಂದ ಮತ್ತೊಂದಕ್ಕೆ ಹೋಗಲು ನಿಯಮಗಳುಂಟು. ಆಟಗಾರನು ದೂರದಲ್ಲಿದ್ದರೆ ಗರಿಯನ್ನು ಎಸೆ ಇಲ್ಲವೆ ಎರಗು. ಹತ್ತಿರವಿದ್ದರೆ ಕುಕ್ಕು ಇಲ್ಲವೆ ಅಪ್ಪಳಿಸು. ಪ್ರಾಣಬಲ ಅರ್ಧಕ್ಕಿಳಿದರೆ ಹೊಸ ಹೊಡೆತಗಳನ್ನು ಸೇರಿಸಿಕೋ.

ಇದನ್ನು ಅರಿತುದರಿಂದ ಆಗುವ ಪ್ರಯೋಜನವನ್ನು ಒಂದು ಪ್ರಯೋಗವು ತಿಳಿಸುತ್ತದೆ. 1952 ರಲ್ಲಿ ಬ್ರಿಟನ್ನಿನ ವಿಲಿಯಂ ಎಡ್ಮಂಡ್ ಹಿಕ್ ಎಂಬ ವಿಜ್ಞಾನಿಯು, ಆಯ್ಕೆಗಳ ಸಂಖ್ಯೆ ಹೆಚ್ಚಿದಂತೆ ಮನುಷ್ಯನು ಪ್ರತಿಕ್ರಿಯಿಸಲು ಹಿಡಿಯುವ ಕಾಲವೂ ಹೆಚ್ಚುವುದೆಂದೂ, ಆ ಹೆಚ್ಚಳವು ಸಂಖ್ಯೆಯ ಲಾಗರಿದಮ್ಮನ್ನು ಅನುಸರಿಸುವುದೆಂದೂ ತೋರಿಸಿದನು. ಹತ್ತಿರ ನಿಂತಿರುವಾಗ ಬರುವುದು ಎರಡೇ ಹೊಡೆತಗಳೆಂದು ಅರಿತವನ ಮಿದುಳು, ಎಲ್ಲ ಹೊಡೆತಗಳನ್ನೂ ನಿರೀಕ್ಷಿಸುತ್ತಿರುವವನ ಮಿದುಳಿಗಿಂತ ಬೇಗ ನಿರ್ಣಯಿಸುವುದು. ಜ್ಞಾನವೇ ಇಲ್ಲಿ ಚುರುಕಾಗಿ ಪರಿಣಮಿಸುತ್ತದೆ.

ಸೋಲಿನ ಗಣಿತ

ಈಗ ಲೆಕ್ಕಕ್ಕೆ ಬರೋಣ. ಮಹಾಪಕ್ಷಿಯ ಪ್ರಾಣಬಲ 6000 ಎಂದಿರಲಿ. ಅದು ಒಮ್ಮೆ ಹೊಡೆದ ಬಳಿಕ ನಮಗೆ ಸ್ವಲ್ಪ ಬಿಡುವು ದೊರೆಯುವುದು. ಆಗ ಮೂರು ಪೆಟ್ಟು ಕೊಟ್ಟು 300 ನ್ನು ಕಳೆಯಬಹುದು. ಎಂದರೆ ಗೆಲ್ಲಲು ಅದರ 20 ಹೊಡೆತಗಳನ್ನು ತಪ್ಪಿಸಿಕೊಳ್ಳಬೇಕು. ಒಂದು ಹೊಡೆತ ತಗಲಿದರೂ ಆಟ ಮುಗಿಯಿತೆಂದು ಸದ್ಯಕ್ಕೆ ಭಾವಿಸೋಣ.

ಒಬ್ಬನು ನೂರಕ್ಕೆ 90 ಹೊಡೆತಗಳನ್ನು ತಪ್ಪಿಸಿಕೊಳ್ಳಬಲ್ಲನು. ಅವನು ಗೆಲ್ಲುವ ಸಂಭವವು 0.9 ನ್ನು ಇಪ್ಪತ್ತು ಸಲ ಗುಣಿಸಿದಷ್ಟು. ಅದು ಕೇವಲ 0.12. ಎಂದರೆ ಸರಾಸರಿ ಎಂಟು ಆಟಗಳಿಗೆ ಒಂದು ಗೆಲುವು. ಅವನು 95 ಕ್ಕೆ ಏರಿದರೆ ಸಂಭವವು 0.36 ಆಗುವುದು, 98 ಕ್ಕೆ ಏರಿದರೆ 0.67. ಇಲ್ಲಿ ಗಮನಿಸಬೇಕಾದುದಿಷ್ಟು: 90 ರಿಂದ 95 ಕ್ಕೆ ಏರಿದವನಿಗೆ ತಾನು ಬೆಳೆದೆನೆಂಬುದು ತಿಳಿಯದೆಯೇ ಇರಬಹುದು, ಏಕೆಂದರೆ ಅವನು ಈಗಲೂ ಮೂರು ಆಟಗಳಲ್ಲಿ ಎರಡನ್ನು ಸೋಲುತ್ತಿರುವನು. ಆದರೆ ಅವನ ಗೆಲುವಿನ ಸಂಭವವು ಮೂರು ಪಟ್ಟಾಗಿದೆ. ಸೋಲುತ್ತಿರುವೆನೆಂದ ಮಾತ್ರಕ್ಕೆ ಕಲಿಯುತ್ತಿಲ್ಲವೆಂದು ಅರ್ಥವಲ್ಲ.

ಇನ್ನೂ ಮುಖ್ಯವಾದ ಪಾಠವೊಂದುಂಟು. ಆ 20 ಹೊಡೆತಗಳು ಒಂದೇ ಬಗೆಯವಲ್ಲ. 12 ಸಲ ಕುಕ್ಕು, 5 ಸಲ ರೆಕ್ಕೆಯ ಅಪ್ಪಳಿಕೆ, 3 ಸಲ ಎರಗುವಿಕೆ ಎಂದಿರಲಿ. ನಮ್ಮ ಆಟಗಾರನು ಕುಕ್ಕನ್ನು ನೂರಕ್ಕೆ 99, ಅಪ್ಪಳಿಕೆಯನ್ನು 95, ಎರಗುವಿಕೆಯನ್ನು 60 ಸಲ ತಪ್ಪಿಸಿಕೊಳ್ಳಬಲ್ಲನು. ಮೂರನ್ನೂ ಗುಣಿಸಿದರೆ ಗೆಲುವಿನ ಸಂಭವವು ಸುಮಾರು 0.15. ಅವನು ತನಗೆ ಚೆನ್ನಾಗಿ ಬರುವ ಕುಕ್ಕನ್ನೇ ಇನ್ನಷ್ಟು ಅಭ್ಯಾಸ ಮಾಡಿ ನೂರಕ್ಕೆ ನೂರು ಮಾಡಿಕೊಂಡರೂ ಸಂಭವವು 0.17 ಕ್ಕೆ ಮಾತ್ರ ಏರುವುದು. ಅದರ ಬದಲು ಎರಗುವಿಕೆಯೊಂದನ್ನೇ ಅಭ್ಯಸಿಸಿ 60 ರಿಂದ 90 ಕ್ಕೆ ತಂದರೆ ಸಂಭವವು ಒಮ್ಮೆಗೇ 0.50 ಕ್ಕೆ ಜಿಗಿಯುವುದು! ಸರಪಳಿಯ ಬಲವಾದ ಕೊಂಡಿಗೆ ಎಷ್ಟು ಕಬ್ಬಿಣವನ್ನು ಸೇರಿಸಿದರೂ ಸರಪಳಿಯು ಬಲಗೊಳ್ಳದು. ಬರುವ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿ ಸಂತೋಷಪಡುವ ವಿದ್ಯಾರ್ಥಿಯು ಈ ಎರಡು ಸಂಖ್ಯೆಗಳನ್ನು, 0.17 ಮತ್ತು 0.50 ನ್ನು, ಮೇಜಿನ ಮುಂದೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಲೋಭ ಮತ್ತು ಸಿದ್ಧತೆ

ಬಿಡುವಿನಲ್ಲಿ ಮೂರರ ಬದಲು ನಾಲ್ಕು ಪೆಟ್ಟು ಕೊಡೋಣವೆಂಬ ಆಸೆ ಎಲ್ಲರಿಗೂ ಬರುವುದು. ಆಗ 15 ಹೊಡೆತಗಳನ್ನು ತಪ್ಪಿಸಿಕೊಂಡರೆ ಸಾಕು. ಆದರೆ ನಾಲ್ಕನೆಯ ಪೆಟ್ಟಿಗಾಗಿ ನಿಂತವನು ಮುಂದಿನ ಹೊಡೆತಕ್ಕೆ ಸಿದ್ಧನಾಗಿರುವುದು ಕಡಿಮೆ. ಇದರಿಂದ ಅವನ 95 ಎಂಬುದು 90 ಕ್ಕೆ ಇಳಿದರೆ ಗೆಲುವಿನ ಸಂಭವವು 0.36 ರಿಂದ 0.21 ಕ್ಕೆ ಕುಸಿಯುವುದು. ಅದು 93.4 ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ನಾಲ್ಕನೆಯ ಪೆಟ್ಟು ಲಾಭದಾಯಕ. ಹೀಗೆ ಲೋಭಕ್ಕೂ ಒಂದು ಗಡಿಯನ್ನು ಗಣಿತವು ಗೊತ್ತುಮಾಡಬಲ್ಲುದು.

ಅದೇ 400 ನ್ನು ಆಯುಧವನ್ನು ಮೊದಲೇ ಹದಗೊಳಿಸಿಕೊಂಡು ಮೂರೇ ಪೆಟ್ಟುಗಳಲ್ಲಿ ಸಾಧಿಸಿದರೆ ಅಪಾಯವೇನೂ ಹೆಚ್ಚದೆ ಸಂಭವವು 0.46 ಕ್ಕೆ ಏರುವುದು. ಗಾಯವನ್ನು ಮಾಯಿಸುವ ಔಷಧದ ಮಹಿಮೆ ಇದಕ್ಕಿಂತಲೂ ದೊಡ್ಡದು. 20 ಹೊಡೆತಗಳಲ್ಲಿ ಎರಡು ತಗಲಿದರೂ ಔಷಧದಿಂದ ಉಳಿಯಬಹುದಾದರೆ, ನೂರಕ್ಕೆ 90 ರ ಸಾಮಾನ್ಯ ಆಟಗಾರನ ಸಂಭವವೂ 0.12 ರಿಂದ 0.68 ಕ್ಕೆ ಏರುವುದು. ತಪ್ಪೇ ಆಗಬಾರದೆಂದು ಹಟ ಹಿಡಿಯುವುದಕ್ಕಿಂತ, ಒಂದೆರಡು ತಪ್ಪುಗಳಿಗೆ ಎಡೆಯಿರುವಂತೆ ಸಿದ್ಧನಾಗುವುದು ಮೇಲು.

ಮರ್ಮದ ಮಾತು

ಕೊನೆಯದಾಗಿ ಮರ್ಮದ ವಿಚಾರ. ಜಟಾಯುವೂ ರಾವಣನೂ ಕಾದುವ ಮೊದಲು ಒಬ್ಬರ ಮರ್ಮಸ್ಥಾನವನ್ನು ಇನ್ನೊಬ್ಬರು ಕೇಳಿದರೆಂದೂ, ಪಕ್ಷಿಯು ತನ್ನ ಮರ್ಮ ರೆಕ್ಕೆಯಲ್ಲಿದೆಯೆಂದು ದಿಟವನ್ನೇ ಹೇಳಿತೆಂದೂ, ರಾವಣನು ಕಾಲಿನ ಹೆಬ್ಬೆರಳಲ್ಲೆಂದು ಸುಳ್ಳಾಡಿದನೆಂದೂ ಜನ ಹೇಳುವ ಕಥೆಯೊಂದುಂಟು. ರೆಕ್ಕೆಯೇ ಮರ್ಮವೆಂಬುದು ಶಾಸ್ತ್ರಕ್ಕೂ ಒಪ್ಪುವ ಮಾತು. ಹಕ್ಕಿಯ ಎಲುಬುಗಳು ಬಹುಪಾಲು ಟೊಳ್ಳು. ರೆಕ್ಕೆಗಳೆರಡರ ಎತ್ತುವ ಬಲವು ಸಮವಾಗಿದ್ದರೆ ಮಾತ್ರ ಮೈ ನೆಟ್ಟಗಿರುವುದು. ಒಂದು ರೆಕ್ಕೆ ಕುಗ್ಗಿದರೆ ಮೈ ಆ ಕಡೆಗೆ ಉರುಳಿ ಹಾರಾಟವೇ ನಿಲ್ಲುವುದು. ಆಟಗಳಲ್ಲಿಯೂ ಮರ್ಮವುಂಟು, ಆದರೆ ಅದು ನಾವು ಊಹಿಸಿದಲ್ಲಿಯೇ ಇರಬೇಕೆಂದಿಲ್ಲ. ಮೇಲೆ ಹೇಳಿದ ‘ಫೀನಿಕ್ಸ್’ ಆಟದಲ್ಲಿ ಹಕ್ಕಿಯ ರೆಕ್ಕೆಗೆ ಹೊಡೆದರೆ ಅದು ಮತ್ತೆ ಬೆಳೆಯುತ್ತಿತ್ತು. ಹೊಟ್ಟೆಗೆ ಹೊಡೆದಾಗಲೇ ಹಕ್ಕಿ ನಾಶವಾಗುತ್ತಿತ್ತು. ಊಹೆಯನ್ನು ಪ್ರಯೋಗದಿಂದ ಪರೀಕ್ಷಿಸಬೇಕೆಂಬ ವಿಜ್ಞಾನದ ನಿಯಮವು ಇಲ್ಲಿಯೂ ತಪ್ಪಿದ್ದಲ್ಲ.

ವಾಲ್ಮೀಕಿಯ ಜಟಾಯುವು ಬಿಲ್ಲನ್ನು ಮುರಿಯಿತು, ರಥವನ್ನು ಪುಡಿಮಾಡಿತು, ರಾವಣನ ಎಡದ ಹತ್ತು ತೋಳುಗಳನ್ನೂ ಕಿತ್ತಿತು. ಆ ತೋಳುಗಳು ಮತ್ತೆ ಹುಟ್ಟಿದುವು. ಆ ವೃದ್ಧ ಪಕ್ಷಿಯು ದಣಿದ ಮೇಲೆಯೇ ಅದರ ರೆಕ್ಕೆಗಳು ಕತ್ತಿಗೆ ಸಿಕ್ಕಿದುವು. ಆಟದ ಮಹಾಪಕ್ಷಿಯೂ ದಣಿಯುವ ಹೊತ್ತನ್ನು, ನೆಲಕ್ಕಿಳಿಯುವ ಹೊತ್ತನ್ನು, ಮೇಲೇಳಲು ಹವಣಿಸುವ ಹೊತ್ತನ್ನು ಕಾದಿರಬೇಕು.

ಆದುದರಿಂದ ಗೆಲ್ಲಬಯಸುವವನು ಮೊದಲ ಐದು ಆಟಗಳಲ್ಲಿ ಒಂದು ಪೆಟ್ಟನ್ನೂ ಕೊಡದೆ, ಪಕ್ಷಿಯನ್ನು ಬರಿದೇ ನೋಡಲಿ. ಅದರ ಪ್ರತಿಯೊಂದು ಹೊಡೆತಕ್ಕೂ ಹೆಸರಿಟ್ಟು, ಅದರ ಸೂಚನೆ ಯಾವುದು, ಪೆಟ್ಟು ಎಷ್ಟನೆಯ ಎಣಿಕೆಗೆ ಬೀಳುವುದು, ಬಳಿಕ ಬಿಡುವೆಷ್ಟು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಲಿ. ಮುಂದಿನ ಪ್ರತಿಯೊಂದು ಸೋಲಿಗೂ ಯಾವ ಹೊಡೆತ ಕಾರಣವಾಯಿತೆಂದು ಗುರುತುಮಾಡಲಿ. ಹತ್ತು ಗುರುತುಗಳಾದೊಡನೆ ದುರ್ಬಲವಾದ ಕೊಂಡಿಯು ತಾನಾಗಿಯೇ ಎದ್ದು ಕಾಣುವುದು. ಕೈ ಬಳಲಿದಾಗ ಆಟವನ್ನು ನಿಲ್ಲಿಸಿ ನಿದ್ರಿಸಲಿ. ದಣಿದ ಕಣ್ಣು ಸೂಚನೆಯನ್ನು ತಡವಾಗಿ ಗ್ರಹಿಸುವುದು.

ಅಭ್ಯಾಸ: (1) ನೂರಕ್ಕೆ 97 ಹೊಡೆತಗಳನ್ನು ತಪ್ಪಿಸಿಕೊಳ್ಳಬಲ್ಲವನು 20 ಹೊಡೆತಗಳ ಕಾಳಗವನ್ನು ಗೆಲ್ಲುವ ಸಂಭವವೆಷ್ಟು? (ಉತ್ತರ: 0.54.) (2) ನಾಲ್ಕು ಪಟ್ಟು ಹಿಗ್ಗಿಸಿದ ಗರುಡನ ತೂಕವೆಷ್ಟು? ಹಾರಲು ಅದಕ್ಕೆ ಎಷ್ಟು ಪಟ್ಟು ವೇಗ ಬೇಕು? (ಉತ್ತರ: 32 ಕಿಲೋಗ್ರಾಂ; ಎರಡು ಪಟ್ಟು.) (3) ನಿಮಗೆ ಕಠಿಣವೆನಿಸುವ ಒಂದು ಪಾಠವನ್ನು ತೆಗೆದುಕೊಂಡು, ಕಳೆದ ಹತ್ತು ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿರಿ. ಇದರ ಉತ್ತರವನ್ನು ನೀವೇ ಕಂಡುಕೊಳ್ಳಬೇಕು.